ಗಫಾರನ ಗಿಡ್ಡಾದ ಹಗ್ಗ

ಮಮದಾಪುರದ ಗಫಾರನಿಗೆ ಓದು ಬರೆಹ ಬರುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಯಾವ ಪುಸ್ತಕದಲ್ಲಿತ್ತು ಬಿಡಿ! ಹಿಂದಿನವರು ಕೊರೆದ ನೀರಿನ ಸುರಂಗಗಳೊಳಗೆ ಮೊಣಕಾಲೂರಿ ಹೊಕ್ಕು, ಗೋಡೆಯ ಮೇಲಿನ ಗುದ್ದಲಿ ಗೆರೆಗಳನ್ನು ಬೆರಳಿನಿಂದ ಸವರಿ ಕಸುಬು ಕಲಿತವನು. ದೀಪ ಹಚ್ಚಿದರೆ ಒಳಗೆ ಉಸಿರು ಕಟ್ಟುತ್ತದೆಂದು, ಬಾವಿಯ ತಳದಲ್ಲಿ ಹಿತ್ತಾಳೆ ತಾಟಿಟ್ಟು ಬಿಸಿಲನ್ನೇ ಸುರಂಗಕ್ಕೆ ತಿರುಗಿಸುತ್ತಿದ್ದ. ಎಂಥ ತಲೆ ನೋಡಿ!

೧೯೧೨ರಲ್ಲಿ ಗುಡ್ಡದ ಬುಡದ ಒರತೆಯನ್ನು ಊರ ಬಾವಿಗೆ ತರಲು ಹಿರಿಯರು ಅವನಿಗೇ ವೀಳ್ಯ ಕೊಟ್ಟರು. ಎರಡು ಕಡೆ ಬಾವಿ ತೋಡಿ, ಗುಡ್ಡದ ಕಡೆಯಿಂದ ಗಫಾರ, ಊರ ಕಡೆಯಿಂದ ಜೊತೆಗಾರ ಲಕ್ಕಪ್ಪ ಸುರಂಗ ಕೊರೆಯಬೇಕು. ನಡುವೆ ಎರಡೂ ಕೂಡಬೇಕು.

"ಕೂಡಲಿಲ್ಲಂದ್ರ ನಾ ಮತ್ತ ಗುದ್ದಲಿ ಹಿಡಿಯಂಗಿಲ್ರಿ," ಎಂದು ಗಫಾರ ಎಲ್ಲರೆದುರು ಮಾತು ಕೊಟ್ಟ. ಅಷ್ಟು ಬಿಂಕ ಬೇಕಿತ್ತೇ? ಆದರೆ ಅವನು ಇದ್ದದ್ದೇ ಹಾಗೆ.

ಏಳನೆಯ ತಿಂಗಳು ಲಕ್ಕಪ್ಪನ ಗುದ್ದಲಿ ಸದ್ದು ಕೇಳಿತು. ಎದುರಿನಿಂದಲ್ಲ, ಕಾಲ ಕೆಳಗಿನಿಂದ! ಗಫಾರ ತೆವಳುತ್ತ ಹಿಂದೆ ಬಂದು ಬಾವಿಯಲ್ಲಿ ತೂಗುಬಿಟ್ಟಿದ್ದ ಅಳತೆಯ ಹಗ್ಗ ಮುಟ್ಟಿದ. ಒಣಗಿದ್ದಾಗ ಗಜಕ್ಕೊಂದು ಗಂಟು ಹಾಕಿದ್ದ ಪುಂಡಿನಾರಿನ ಹಗ್ಗ, ಒರತೆಯ ನೀರಿಗೆ ತೋಯ್ದು ಗಿಡ್ಡಾಗಿತ್ತು. ಗಂಟು ಎಣಿಸಿದರೆ ಇಪ್ಪತ್ತು ಗಜ, ಮೊಳ ಹಾಕಿ ನೋಡಿದರೆ ನಿಜವಾದ ಆಳ ಹದಿನೆಂಟೇ; ಅವನ ಸುರಂಗ ಎರಡು ಗಜ ಮೇಲೆಯೇ ಬಂದಿತ್ತು. ಲಕ್ಕಪ್ಪನ ಬಾವಿ ಒಣಗಿತ್ತು, ಅವನ ಅಳತೆ ಸರಿಯಿತ್ತು.

ಗಫಾರ ಮತ್ತೆ ಒಳಹೊಕ್ಕು, ಸದ್ದು ಬಂದಲ್ಲಿ ತನ್ನ ಕಾಲ ಕೆಳಗಿನ ನೆಲವನ್ನೇ ಒಡೆದ. ಆ ಕಿಂಡಿಯಿಂದ ಲಕ್ಕಪ್ಪ ತಲೆ ಹಾಕಿದ.

"ಕಾಕಾ, ಒಳಗಿನ ಸುದ್ದಿ ಹೊರಗ ಯಾರಿಗೆ ಗೊತ್ತಾಗತೈತಿ? ಮ್ಯಾಲಿನ ನೀರು ಕೆಳಗ ಬೀಳತೈತಿ, ಊರಿಗೆ ಹರಿತೈತಿ. ಸುಮ್ಮನಿರ್ರಿ."

ಗಫಾರ ಗುದ್ದಲಿ ಎತ್ತಿಕೊಂಡು ಬಾವಿಯ ಕಡೆ ತೆವಳಿದ.

ಊರ ಬಾವಿಗೆ ನೀರು ಧುಮುಕಿದ ದಿನ ಜನ ಬೆಲ್ಲ ಹಂಚಿದರು. ಗೌಡರ ತಾಯಿ ಗೌರವ್ವ ಅವನ ಗುದ್ದಲಿಗೆ ಪೂಜೆ ಮಾಡಲು ಆರತಿ ತಂದಳು.

"ಪೂಜಿ ಬ್ಯಾಡ್ರಿ ಅವ್ವಾರ," ಎಂದು ಗಫಾರ ಹಿಂದೆ ಸರಿದ. "ಸುರಂಗ ಕೂಡಲಿಲ್ಲ, ಒಂದರ ಮ್ಯಾಲೊಂದು ಹಾದು ಹೋದ್ವು. ಹಗ್ಗ ತೋಯ್ದದ್ದು ನಾ ನೋಡಲಿಲ್ಲ. ತಪ್ಪು ನಂದು." ಗುದ್ದಲಿಯನ್ನು ಅವಳ ಮುಂದಿಟ್ಟ. ಲಕ್ಕಪ್ಪ ತಲೆ ತಗ್ಗಿಸಿ ನಿಂತ.

ಗೌರವ್ವ ಆರತಿ ಕೆಳಗಿಟ್ಟಳು. "ಮಾತು ಕೊಟ್ಟೀದಿ, ಗುದ್ದಲಿ ಬಿಡು. ಆದರ ಹಗ್ಗ ಬಿಡಬ್ಯಾಡೋ ಗಫಾರ. ತನ್ನ ತಪ್ಪು ತಾನ ಹೇಳಾಂವ ಅಳದ್ರ, ನಾವು ಕಣ್ಣು ಮುಚ್ಚಿ ನಂಬತೇವಿ."

ಅಷ್ಟು ಗಟ್ಟಿ ಮನುಷ್ಯ, ಎಲ್ಲರೆದುರು ಗಳಗಳ ಅತ್ತ. ಮುಂದೆ ಇಪ್ಪತ್ತೆರಡು ವರ್ಷ, ಗೋಕಾಕದಿಂದ ಹುಕ್ಕೇರಿಯವರೆಗೆ ಎಲ್ಲಿ ಸುರಂಗ ಕೊರೆದರೂ ಗುದ್ದಲಿ ಲಕ್ಕಪ್ಪನದು, ಅಳತೆ ಗಫಾರನದು.