ಅವ್ವನ ಟೆನ್ಷನ್, ಸೋಮವಾರದ ಸ್ನಾನ

ಟೆನ್ಷನ್ ಎಂಬ ಪದವನ್ನು ನಮ್ಮ ಮನೆಗೆ ತಂದವರು ಅಪ್ಪ. ಮೊಸರು ಹೆಪ್ಪಾಗಲಿಲ್ಲವೆಂದು ಅವ್ವ ಮುಖ ಸಣ್ಣದು ಮಾಡಿಕೊಂಡರೂ, 'ಸುಮ್ಕೆ ಟೆನ್ಸನ್ ಮಾಡ್ಕತಳೆ' ಎನ್ನುತ್ತಿದ್ದರು. ತಮ್ಮ ಚಿಂತೆಗೆ ಅವರು ಆ ಪದ ಬಳಸಿದ್ದನ್ನು ನಾನು ಕೇಳಿಲ್ಲ.

ನಾನು ನಂಜನಗೂಡಿನ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎ. ಓದತೊಡಗಿದಾಗ ಆ ಪದ ಭಾರವಾಯಿತು. ಶನಿವಾರ ಟಿ. ನರಸೀಪುರದ ಪಕ್ಕದ ನಮ್ಮೂರಿಗೆ ಬಂದು, ಸೋಮವಾರ ಬೆಳಿಗ್ಗೆ ವಾಪಸಾಗುತ್ತಿದ್ದೆ. ನಾನು ತಲುಪಿದೆನೋ ಇಲ್ಲವೋ ಎಂದು ಅವ್ವ ದಿನವಿಡೀ ಚಡಪಡಿಸುತ್ತಿದ್ದಳು. 'ನೀ ಇಂಗೇ ಟೆನ್ಸನ್ ಮಾಡ್ಕಂಡಿದ್ರೆ ಅವಳ ಓದೇ ಬುಡುಸ್ಬುಡ್ತೀನಿ' ಎಂದು ಅಪ್ಪ ಹೇಳಿದ ಮೇಲೆ ಅವ್ವ ಅವರೆದುರು ನಿಟ್ಟುಸಿರನ್ನೂ ಬಿಡಲಿಲ್ಲ.

ನಮ್ಮಿಬ್ಬರಲ್ಲಿ ಒಂದು ಏರ್ಪಾಡಿತ್ತು. ತಲುಪಿದೊಡನೆ ಕಾಯಿನ್ ಬೂತಿನಿಂದ ಮನೆಯೆದುರಿನ ಅಂಗಡಿಗೆ ರಿಂಗ್ ಕೊಟ್ಟು ಇಟ್ಟುಬಿಡುವುದು. ಅಂಗಡಿಯವರು ಫೋನ್ ಎತ್ತದೆ ಅವ್ವನಿಗೆ ಸುದ್ದಿ ಹೇಳುತ್ತಿದ್ದರು. ಒಂದು ಸೋಮವಾರ ಅಲ್ಲಿ ಅವರ ಹೊಸ ಸೊಸೆ ಕೂತಿದ್ದಳು. ಏರ್ಪಾಡು ತಿಳಿಯದೆ ಎತ್ತಿದಳು. ಅಷ್ಟರಲ್ಲಿ ನಾನು ಇಟ್ಟಿದ್ದೆ. 'ಯಾರೋ ಏನೋ ಕಣತ್ತೆ, ಮಾತೇ ಆಡ್ನಿಲ್ಲ' ಎಂದಳಂತೆ ಅವ್ವನಿಗೆ.

ಮಧ್ಯಾಹ್ನ ಕಾಲೇಜಿನಿಂದ ಬಂದರೆ ಅವ್ವ ಚಿಕ್ಕಮ್ಮನ ಜಗಲಿಯಲ್ಲಿದ್ದಳು, ಮನೆಯಲ್ಲಿ ಉಡುವ ಸೀರೆಯಲ್ಲೇ. ಗದ್ದೆಯಲ್ಲಿದ್ದ ಅಪ್ಪನಿಗೆ ತಿಳಿಸದೆ ಬಸ್ಸು ಹತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಬಂದ್ಯಾ' ಎಂದಳು.

'ಬಾವಂಗೆ ಏನಂತ ಏಳೀಯಕ್ಕ?' ಚಿಕ್ಕಮ್ಮ ಕೇಳಿದರು.

'ದೇವಸ್ಥಾನಕ್ಕೆ ಓಗಿದ್ದೆ ಅಂತೀನಿ. ಸ್ವಾಮಾರ ಅಲ್ವಾ.'

'ಒಣ ತಲೇಲಿ ಮನೆಗೋದ್ರೆ ನಂಬ್ತಾರಾ? ಒಳೇಲಿ ಮುಳುಗ್ದೆ ಯಾರಕ್ಕ ಇಲ್ಲಿ ದೇವ್ರು ನೋಡೋರು?'

ಮೂವರೂ ಕಪಿಲೆಯ ಸೋಪಾನಕಟ್ಟೆಗೆ ಹೋದೆವು. ಮಾಗಿಯ ನೀರು. ಅವ್ವ ಮುಳುಗಿ ಎದ್ದು, ಹಲ್ಲು ಕಟಕಟಿಸುತ್ತಲೇ ನಕ್ಕಳು. ಚಿಕ್ಕಮ್ಮನ ಸೀರೆ ಉಟ್ಟು, ಹೇಳುವುದು ಸುಳ್ಳಾಗಬಾರದೆಂದು ಗುಡಿಯ ಬಾಗಿಲು ತೆರೆಯುವವರೆಗೆ ಕಾದು ದರ್ಶನ ಮಾಡಿದಳು. ಒದ್ದೆ ಜಡೆಯಲ್ಲೇ ಬಸ್ಸು ಹತ್ತಿದಳು.

ಶನಿವಾರ ನಾನು ಊರಿಗೆ ಹೋದಾಗ ಅಪ್ಪ ಗೆಲುವಾಗಿದ್ದರು.

'ನಿಮ್ಮವ್ವ ದೇವ್ರ ಮ್ಯಾಲೆ ಬಾರ ಆಕ್ಬುಟ್ಟವಳೆ ಕಣವ್ವ. ಈಗ ಟೆನ್ಸನ್ನೇ ಇಲ್ಲ. ನೀ ಓದ್ಕ. ತಿಂಗಳಿಗೊಂದ್ಸಲ ಅವಳ್ನೂ ಕರ್ಕೊಂಡೋಗು.'

ಅವ್ವ ಮುದ್ದೆ ಕಟ್ಟುತ್ತಿದ್ದವಳು ತಲೆಯೆತ್ತಲಿಲ್ಲ. 'ನೀವೇಳುದ್ ಮ್ಯಾಲೆ ಓಯ್ತೀನಿ' ಎಂದಳು.

ಡಿಗ್ರಿ ಮುಗಿಯುವವರೆಗೂ ತಿಂಗಳಿಗೊಂದು ಸೋಮವಾರ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋದೆವು. ನನ್ನನ್ನು ಕಾಲೇಜಿನ ಗೇಟಿನವರೆಗೆ ಬಿಟ್ಟು, ನಾನು ಒಳಗೆ ಹೋದ ಮೇಲೆ ಅವ್ವ ಹೊಳೆಯ ಕಡೆ ನಡೆಯುತ್ತಿದ್ದಳು.