ಹೆಂಚು ಇಳಿಸಲು ಬಂದ ಅಣ್ಣ

ಜೋಗೇಶ್ವರಿಯ ನಮ್ಮ ಎರಡು ಕೋಣೆಯ ಹೆಂಚಿನ ಮನೆಗೆ ಗಂಡನ ಆಫೀಸಿನವರು ಸಾಲ ಕೊಡುವಾಗಲೇ ವಿಮೆ ಮಾಡಿಸಿದ್ದರು. ಅದನ್ನು ಸೂರು ರಿಪೇರಿಯ ಕಾಂಟ್ರಾಕ್ಟರನ ಕಿವಿಗೆ ಹಾಕಿದವರೂ ನನ್ನ ಗಂಡನೇ. ಮಳೆಗಾಲಕ್ಕೆ ಮುಂಚೆ ಸೂರು ನೋಡಲು ಬಂದ ಆ ಕಾಂಟ್ರಾಕ್ಟರ ಧಾರವಾಡದ ಕನ್ನಡ ಆಡಿದ. ಈ ಪರನಾಡಿನಲ್ಲಿ ಅಷ್ಟಕ್ಕೇ ಇವರು ಕರಗಿ ನೀರಾದರು. ನಾನೇನು ಕಡಿಮೆ? "ತಂಗಿ" ಎಂದನೆಂದು ರೊಟ್ಟಿ, ಶೇಂಗಾ ಹಿಂಡಿ ಬಡಿಸಿದೆ.

"ಸೋರಿದ್ದಕ್ಕ ವಿಮಾದವ್ರು ರೊಕ್ಕ ಕೊಡಂಗಿಲ್ರಿ. ಅರ್ಧಾ ಹೆಂಚು ಇಳಿಸಿ ತಾಡಪತ್ರಿ ಹೊದಸ್ತೀನಿ. ಗಾಳಿಗೆ ಹಾರಿದ್ವು ಅಂತ ಹೇಳ್ರಿ, ಹೊಸಾವ ಬರ್ತಾವು," ಎಂದ. ಇವರು ತಲೆಯಾಡಿಸಿದರು.

ಮರುದಿನ ಇವರು ಲೋಕಲ್ ರೈಲು ಹಿಡಿದು ಆಫೀಸಿಗೆ ಹೋದ ಮೇಲೆ, ನಲ್ಲಿಯ ಬಳಿ ಪಕ್ಕದ ಗಲ್ಲಿಯ ಹೆಂಗಸೊಬ್ಬಳು ಸುದ್ದಿ ಹೇಳಿದಳು. ಇದೇ ಮನುಷ್ಯ ಅವಳ ನಾದಿನಿಯ ಮನೆಯ ಹೆಂಚು ಟೆಂಪೋದಲ್ಲಿ ಹೇರಿಕೊಂಡು ಹೋದವನು ತಿರುಗಿ ಬಂದಿಲ್ಲವಂತೆ. ವಿಮೆಯವರು ನೋಡಿ, ಇದು ಗಾಳಿಯ ಕೆಲಸವಲ್ಲ ಎಂದು ಎದ್ದು ಹೋದರಂತೆ. ಕೊಡ ಅಲ್ಲೇ ಬಿಟ್ಟು ಓಡಿದೆ.

ಆಳುಗಳು ಆಗಲೇ ಸೂರು ಹತ್ತಿ ಹೆಂಚು ಕಳಚಿ ಅಂಗಳಕ್ಕೆ ಇಳಿಸುತ್ತಿದ್ದರು; ಅವನು ಟೆಂಪೋದ ಪಕ್ಕ ನಿಂತಿದ್ದ. ಪಾರ್ಶ್ವವಾಯು ಬಡಿದು ಮಲಗಿದ್ದ ಅತ್ತೆಯ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಕೂಗಾಡಿದರೆ ಸಿಕ್ಕಷ್ಟು ಹೇರಿಕೊಂಡು ಹೋಗಿಬಿಟ್ಟರೆ? ಮುದುಕಿಯನ್ನು ಎಲ್ಲಿ ಮಲಗಿಸಲಿ?

"ಅಣ್ಣಾರ," ಎಂದೆ, "ಹೊಸಾ ಹೆಂಚು ಬರೋತನಕ ಅತ್ತಿನ್ನ ಕರ್ಕೊಂಡು ನಿಮ್ಮನ್ಯಾಗ ಇರ್ತೀನ್ರಿ. ಈ ಊರಾಗ ನಿಮ್ಮನಿನ ನನಗ ತವರಮನಿ. ಎಲ್ಲೈತ್ರಿ?"

ಅವನು ನಕ್ಕ. "ಮುಲುಂಡದಾಗವಾ... ಭಾಳ ದೂರ ಆಕ್ಕೈತಿ."

"ಟೆಂಪೋ ಐತಲ್ರಿ. ಅತ್ತಿನ್ನ ಎತ್ತಾಕ ಒಂದೀಟು ಕೈ ಹಚ್ರಿ. ನಿಮ್ಮ ಮನಿಯವ್ರನ್ನ, ನಮ್ಮ ವೈನಿನ್ನ, ನೋಡಿದಂಗೂ ಆತು."

ಬಟ್ಟೆಗಂಟು ಕಟ್ಟಿ ಹೊಸ್ತಿಲಲ್ಲಿಟ್ಟೆ. ಗಲ್ಲಿಯ ಹೆಂಗಸರೆಲ್ಲ ಬಂದು ನಿಂತರು. ತಂಗಿಗೆ ಮನೆಗೆ ಬರಬೇಡ ಎನ್ನಲು ನಮ್ಮ ಕಡೆಯ ಗಂಡಸಿಗೆ ನಾಲಿಗೆ ಏಳುವುದಿಲ್ಲ. ಮನೆ ತೋರಿಸಲು ಈ ಮಹಾರಾಯನಿಗೆ ಧೈರ್ಯವಿಲ್ಲ. ಅವನ ಮುಖ ಬೆವರಿತು. ಆಳುಗಳನ್ನು ಇಳಿಸಿ, "ನಾಳೆ ಬರ್ತೀನವಾ" ಎಂದು ಖಾಲಿ ಟೆಂಪೋ ಹತ್ತಿದ.

ಅಂಗಳದಲ್ಲಿ ಉಳಿದ ಹೆಂಚುಗಳನ್ನು ಮಳೆಗೆ ಮುಂಚೆ ಗಲ್ಲಿಯವರೇ ಮೇಲೇರಿಸಿ ಕೂಡಿಸಿದರು. ಸಂಜೆ ಮನೆಗೆ ಬಂದ ಇವರು, "ನಮ್ಮಂವನ ಹಿಂಗ ಮಾಡಿದ್ನಲ್ಲ" ಎಂದು ಹೊಸ್ತಿಲಲ್ಲೇ ಕೂತುಬಿಟ್ಟರು. ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಈ ಊರಿಗೆ ಬಂದ ಮೇಲೆ ನನ್ನನ್ನು ತಂಗಿ ಎಂದು ಕರೆದವನು ಅವನೊಬ್ಬನೇ.