ಬಿರಾದಾರರನ್ನು ಹಂಚಿದ ಮೌಲ್ವಿ ಸಾಹೇಬರು

ಹುರುಪು ಬಂದರೆ ನಮ್ಮ ಮೌಲ್ವಿ ಸಾಹೇಬರ ಕಿವಿಗಳು ಅಲುಗುತ್ತಿದ್ದವು. ಸುಳ್ಳಲ್ಲ, ಎರಡೂ ಕಿವಿ, ತಲೆಯ ಮೇಲಿನ ಟೋಪಿ ಮೇಲೆದ್ದು ಕೆಳಗಿಳಿಯುವಷ್ಟು. ಓಣಿಯ ಮಕ್ಕಳು ಅದನ್ನು ನೋಡಲೆಂದೇ ಅವರಿಗೆ ಏನಾದರೊಂದು ಪ್ರಶ್ನೆ ಕೇಳುತ್ತಿದ್ದರು. ನಾನೂ ಅದಕ್ಕೇ ಕೇಳುತ್ತಿದ್ದೆ.

ಭಾಲ್ಕಿಯಿಂದ ಔರಾದದ ಆಸ್ಪತ್ರೆಗೆ ನರ್ಸ್ ಆಗಿ ವರ್ಗವಾಗಿ ಬಂದಾಗ ನನಗೆ ಸಿಕ್ಕ ಬಾಡಿಗೆ ಮನೆ ಅವರ ಮನೆಗೆ ಅಂಟಿಕೊಂಡಿತ್ತು. ಅವರು ಓಣಿಯ ಮಸೀದಿಯಲ್ಲಿ ನಮಾಜು ಮಾಡಿಸುವವರು, ನಾನು ಮೆಥಡಿಸ್ಟ್ ಚರ್ಚಿನವಳು. ಮೊದಲ ಈದಿನ ದಿನ ಶೀರ್ ಖುರ್ಮಾ ಪಾಯಸ ತುಂಬಿದ ವಾಟಗಾ ಹಿಡಿದು ತಾವೇ ಬಾಗಿಲಿಗೆ ಬಂದರು. ಇಷ್ಟು ಮನೆ ಬಿಟ್ಟು ನನಗೇ ಯಾಕೆ ಮೊದಲು ಎಂದೆ.

“ಮಕ್ಕಾದಾಗ ನಮ್ಮವರಿಗಿ ಬಾಳಗೊಡ್ಲಿಲ್ರಿ, ಸಿಸ್ಟರ್. ಆಗ ಮೊದಲ ಜಾಗಾ ಕೊಟ್ಟಾಂವ ಯಾರು ಗೊತ್ತದೇನ್ರಿ? ಆಫ್ರಿಕಾದಾಗಿನ ಹಬಶ್ ದೇಶದ ರಾಜಾ. ಇಸಾಯಿ, ಅಂದ್ರ ಕ್ರಿಶ್ಚನ್, ನಿಮ್ಮಾಂವ. ಬೀದರದಾಗ ಹಬಶಿ ಕೋಟ್ ನೋಡೀರಿಲ್ಲ, ಅದೇ ಹಬಶ್.”

ಸುಮ್ಮನೆ ಬಟ್ಟಲು ತೆಗೆದುಕೊಂಡು ಒಳಗೆ ಹೋಗಬಹುದಿತ್ತು. ಆದರೆ ನನ್ನ ನಾಲಗೆಗೆ ಎಲುಬಿಲ್ಲ. “ನಿಮ್ಮ ಸುಲ್ತಾನರೂ ಮಂದಿನ್ನ ಎಬ್ಬಿಸ್ಯಾರಲ್ರಿ? ದಿಲ್ಲಿ ಮಂದಿನ್ನ ದೌಲತಾಬಾದಿಗಿ ಅಟ್ಟಿದಾಂವ ಯಾರ್ರಿ?” ಎಂದುಬಿಟ್ಟೆ.

“ಹೌದ್ರಿ, ಎಬ್ಬಿಸ್ಯಾರ. ಮಂದಿ ಮನಿ ಬಿಡಿಸೋದು ನಮ್ಮ ಧರ್ಮದಾಗ, ನಮ್ಮ ದೀನ್‌ನಾಗ ದೊಡ್ಡ ಗುನ್ಹಾ. ತಖ್ತಿನ ಮ್ಯಾಲ ಕುಂತಾಂವ ನಮಾಜ್ ಮಾಡಿದ್ರ ಅವನ ಜುಲುಂ ಪುಣ್ಯ ಆಗ್ತದೇನು?”

ಅಂದಿನಿಂದ ನಮ್ಮ ವಾದಕ್ಕೆ ಕೊನೆಯಿಲ್ಲ. ಈ ಗಡಿಯ ಊರುಗಳಿಂದ ರಜಾಕಾರರ ಕಾಲದಲ್ಲಿ ಹಿಂದೂಗಳು ಓಡಿದರು, ಪೊಲೀಸ್ ಆ್ಯಕ್ಷನ್ನಿನಲ್ಲಿ ಮುಸಲ್ಮಾನರು ಓಡಿದರು. ಸಾಮಾನ್ಯವಾಗಿ ಎಲ್ಲರೂ ತಮ್ಮವರ ಓಟವನ್ನಷ್ಟೇ ಹೇಳುತ್ತಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಒಂದು ಮಳೆಗಾಲ ಮಾಂಜ್ರಾ ನದಿ ಉಕ್ಕಿ ದಂಡೆಯ ಮೇಲಿನ ಸಣ್ಣ ಊರೊಂದು ಮುಳುಗಿತು. ಅಲ್ಲಿನ ಜನ, ಕುರುಬರು ಮುಸಲ್ಮಾನರು ಎಲ್ಲ, ನಮ್ಮ ಓಣಿಯ ಶಾಲೆಯಲ್ಲಿ ತಂಗಿದರು. ಮಕ್ಕಳಿಗೆ ಪಾಠ ಶುರುವಾಗಬೇಕು, ಸಂಜೆಯೊಳಗೆ ಬೇರೆ ಕಡೆ ಆಗದಿದ್ದರೆ ಲಾರಿ ಬರುತ್ತದೆ, ಅರ್ಧ ಮಂದಿ ಬೀದರಿನ ಷೆಡ್ಡಿಗೆ, ಅರ್ಧ ಮಂದಿ ಭಾಲ್ಕಿಯ ಷೆಡ್ಡಿಗೆ ಎಂದು ತಹಸೀಲ್ ಕಚೇರಿಯವರು ಹೇಳಿಹೋದರು. ಜ್ವರದ ಗುಳಿಗೆ ಕೊಡುತ್ತಿದ್ದ ನನ್ನ ಕೈಯನ್ನು ಕುರುಬರ ಅಜ್ಜಿಯೊಬ್ಬಳು ಬಿಡಲೊಲ್ಲಳು. “ನರ್ಸ್ ಬಾಯಿ, ಒಮ್ಮಿ ಚದರಿದ್ವಿ ಅಂದ್ರ ಮತ್ತ ನಮ್ಮೂರು ಕೂಡಂಗಿಲ್ಲ” ಎಂದಳು.

ನಾನು ಮಸೀದಿಗೆ ಓಡಿದೆ. ಬಾಗಿಲಲ್ಲೇ ನಿಂತು ಏದುಸಿರಿನಲ್ಲಿ ಎಲ್ಲ ಹೇಳಿದೆ. ಮೌಲ್ವಿ ಸಾಹೇಬರ ಪಕ್ಕ ಕೂತಿದ್ದ ಕಮಿಟಿಯ ಹಿರಿಯರು ಗಡ್ಡ ಸವರಿಕೊಂಡು, “ಮನಿ ಬಿಟ್ಟು ಬಂದ ನಮ್ಮವರಿಗಾದ್ರ ಮಾಡೋಣ. ಇವರೆಲ್ಲ ನಮ್ಮವರೇನು?” ಎಂದರು.

“ಆಸರಾ ಕೇಳಿ ಬಂದಾಂವ ಯಾವ ದೀನ್‌ನಾಂವ ಇದ್ರೂ ಜಾಗಾ ಕೊಡು, ಸಲಾಮತ್ ಅವನ ಜಾಗಾ ಮುಟ್ಟಿಸು ಅಂತ ಕುರಾನಿನಾಗ ನಮಗ ಹುಕುಂ ಅದ. ಬರೇ ಓದ್ಲಾಕ ಕೊಟ್ಟಾರೇನು ಹುಕುಂ?” ಎಂದು ಮೌಲ್ವಿ ಸಾಹೇಬರು ಎದ್ದೇಬಿಟ್ಟರು. ಹಿರಿಯರು ಬಾಯಿ ತೆರೆಯುವಷ್ಟರಲ್ಲಿ ಮೈಕು ಅವರ ಕೈಯಲ್ಲಿತ್ತು.

ಊರಿಗೆಲ್ಲ ತಿಳಿಯಲೆಂದು ಆವತ್ತು ಉರ್ದು ಬಿಟ್ಟು ಕನ್ನಡದಲ್ಲಿ ಕೂಗಿದರು: “ಒಂದೊಂದು ಮನಿಯವರು ಒಬ್ಬೊಬ್ಬ ಬಿರಾದರನ್ನ ಕರ್ಕೊಂಡ್ ಹೋಗ್ರಿ. ಅವನ ಹೆಂಡ್ರು ಮಕ್ಕಳ ಸಮೇತ ಮನ್ಯಾಗ ಇಟ್ಕೊಳ್ರಿ. ಸಂಜಿಯೊಳಗ ಒಬ್ಬ ಬಿರಾದರನೂ ಉಳೀಬಾರ್ದು.”

ಸ್ವಲ್ಪ ಹೊತ್ತಿಗೆ ಹಿಂದಿನ ಓಣಿಯಿಂದ ಬೀಜ-ಗೊಬ್ಬರದ ಅಂಗಡಿಯ ಬಿರಾದಾರರು ತಮ್ಮಂದಿರನ್ನು ಕಟ್ಟಿಕೊಂಡು ದಡದಡ ಬಂದರು. ಆ ಓಣಿಯ ತುಂಬ ಅದೇ ಅಡ್ಡಹೆಸರಿನ ಲಿಂಗಾಯತ ಮನೆಗಳು. ಅಂಗಡಿಯವರ ಮುಖ ಕೆಂಪಾಗಿತ್ತು.

“ಮೌಲ್ವಿ ಸಾಬ್, ನಾವೇನ್ ತಪ್ಪು ಮಾಡೇವ್ರಿ? ಹೆಂಡ್ರು ಮಕ್ಕಳ ಸಮೇತ ನಮ್ಮನ್ನ ಯಾರ್ ಮನಿಗಿ ಹಂಚ್ಲಾಕತ್ತೀರಿ?”

ಮೌಲ್ವಿ ಸಾಹೇಬರು ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಗಡ್ಡ ಸವರುತ್ತಿದ್ದ ಹಿರಿಯರೇ ಮೊದಲು ನಕ್ಕದ್ದು, ಆಮೇಲೆ ಯಾರನ್ನು ಹಿಡಿಯುವುದು.

“ತಪ್ಪಾಯ್ತ್ರಿ, ಧಣಿ. ನಮ್ಮ ಮಾತಿನಾಗ ಬಿರಾದರ್ ಅಂದ್ರ ಅಣ್ತಮ್ಮ. ಮಕ್ಕಾದಾಗ ಮನಿ ಕಳಕೊಂಡು ಬಂದವರಿಗಿ ನಮ್ಮ ಪೈಗಂಬರರು ಮದೀನಾದ ಒಬ್ಬೊಬ್ಬರನ್ನ ಅಣ್ತಮ್ಮ ಅಂತ ಜೋಡಿ ಹಚ್ಚಿಕೊಟ್ರು. ಅದನ್ನೇ ಇಲ್ಲಿ ಮಾಡೋಣಂತ ಹೇಳಿದ್ನಿ.”

ಬಿರಾದಾರರು ತಮ್ಮಂದಿರ ಮುಖ ನೋಡಿದರು. ನಗು ತಡೆದುಕೊಂಡೇ ಗಂಭೀರವಾಗಿ ಹೇಳಿದರು: “ಹೆಸರು ನಮ್ಮದು, ಪುಣ್ಯ ನಿಮಗೊಬ್ಬರಿಗೇ ಅಂದ್ರ ಹ್ಯಾಂಗ್ರಿ? ನಮ್ಮ ಓಣಿಗೂ ಒಂದಿಷ್ಟು ಮನೆತನ ಕೊಡ್ರಿ.”

ಆವತ್ತಿನ ಸಂಜೆ ನೋಡಬೇಕಿತ್ತು. ಹಾಸಿಗೆ, ಕೊಡ, ಕುರಿಮರಿ, ಕೂಸು ಹೊತ್ತ ಜನ ಎರಡೂ ಓಣಿಗಳ ತುಂಬ. ಬಿರಾದಾರರ ಮನೆಗೆ ಮುಸಲ್ಮಾನರು, ಕಮಿಟಿಯ ಹಿರಿಯರ ಮನೆಗೆ ಕುರುಬರು. ಕುರುಬರ ಅಜ್ಜಿ, ಅವಳ ಮಗ, ಸೊಸೆ ನನ್ನ ಮನೆಗೆ. ಲಾರಿ ಬಂತು, ನಿಂತಿತು, ಖಾಲಿ ಹೋಯಿತು. ಮೌಲ್ವಿ ಸಾಹೇಬರು ಸಣ್ಣ ಹುಡುಗರಂತೆ ಅದರ ಹಿಂದೆ ಓಣಿಯ ತಿರುವಿನ ತನಕ ಹೋಗಿ ನೋಡಿ ಬಂದರು.

ಆ ಜನಕ್ಕೆ ನದಿಯಿಂದ ದೂರ, ದಿಬ್ಬದ ಮೇಲೆ ಜಾಗ ಮಂಜೂರಾಗುವ ಹೊತ್ತಿಗೆ ಮೌಲ್ವಿ ಸಾಹೇಬರು ಬೀದರಿನ ಆಸ್ಪತ್ರೆಯಲ್ಲಿದ್ದರು. ಸುದ್ದಿ ಹೇಳಲು ಔರಾದದಿಂದ ಸಿಕ್ಕ ಬಸ್ಸು ಹತ್ತಿ ನಿಂತುಕೊಂಡೇ ಹೋದೆ. ಮಾತಾಡಲು ಉಸಿರು ಸಾಲುತ್ತಿರಲಿಲ್ಲ ಅವರಿಗೆ.

“ಎಲ್ಲಾರೂ ಒಂದೇ ಕಡಿ ಏನ್ರಿ?”

“ಒಂದೇ ಕಡಿ ರಿ. ಒಬ್ರೂ ತಪ್ಪಿಲ್ಲ.”

“ಹಂಗಾದ್ರ ಊರು ಮುಳುಗಿಲ್ಲ ಬಿಡ್ರಿ” ಎಂದು ಕಣ್ಣು ಮುಚ್ಚಿಕೊಂಡು ನಕ್ಕರು. ಅದೇ ವಾರ ತೀರಿಕೊಂಡರು. ನನ್ನಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಅವ್ವನೂ ಹೋದ ಮೇಲೆ ಭಾಲ್ಕಿಯಲ್ಲಿ ನನ್ನನ್ನು ಬಾ ಎನ್ನುವವರು ಯಾರೂ ಉಳಿದಿಲ್ಲ. ಆದರೆ ಪ್ರತಿ ವರ್ಷ ನಾಗರಪಂಚಮಿಗೆ ಆ ದಿಬ್ಬದ ಊರಿನಿಂದ ಅಜ್ಜಿಯ ಮಗ ನನ್ನನ್ನು ಕರೆದೊಯ್ಯಲು ಗಾಡಿ ತರುತ್ತಾನೆ. ಚರ್ಚಿನ ನರ್ಸ್ ಬಾಯಿಗೆ ಎಲ್ಲಿಯ ಪಂಚಮಿ ಎಂದು ಮಂದಿ ನಗುತ್ತಾರೆ, ನಗಲಿ. ಹೊಸ ಮನೆಯ ಹೊಸ್ತಿಲಲ್ಲೇ ನಿಂತಿರುತ್ತಾಳೆ ಅಜ್ಜಿ.

“ಯಾಕವ್ವ ಮಗಳ,” ಅನ್ನುತ್ತಾಳೆ, “ತವರಿಗಿ ಬರ್ಲಾಕ ಇಷ್ಟು ತಡಾ?”